ಹೆರಿಗೆ ಮಾಡಿಸಿದವರು

ಏಳನೇ ತರಗತಿ ಪಾಸಾಗದ ಸೂಲಗಿತ್ತಿಯರು ಇನ್ನು ಹೆರಿಗೆಗೆ ಕೈಹಾಕುವಂತಿಲ್ಲ ಎಂದು ಸರ್ಕಾರ ಹುಕುಂ ಹೊರಡಿಸಿತ್ತು. ಒಂದೇ ಒಂದು ವಿನಾಯಿತಿ: ಜನನದ ಪುಸ್ತಕದಲ್ಲಿ ಐವತ್ತು ಹೆರಿಗೆಗೆ ಹೆಸರು ದಾಖಲಾಗಿದ್ದವರಿಗೆ ಪರವಾನಗಿ. ಅರ್ಜಿಗೆ ಇವತ್ತೇ ಕೊನೆಯ ದಿನ.

ಸೂಲಗಿತ್ತಿ ಕಚೇರಿಯ ಬೆಂಚಿನ ಮೇಲೆ ನಿಶ್ಚಿಂತೆಯಿಂದ ಕೂತಿದ್ದಳು; ಐವತ್ತು ಹೆರಿಗೆ ಮಾಡಿಸಿದ್ದರೆ ಸಾಕು ಎಂದಷ್ಟೇ ಅವಳ ಕಿವಿಗೆ ಬಿದ್ದಿತ್ತು. ಪಕ್ಕದಲ್ಲಿ ಮಗಳು. ಬೀದಿಯವರೆಲ್ಲ ಅವಳನ್ನು ಕರೆಯುವುದು ಸಣ್ಣಕೈ ಎಂದೇ. ಆ ಕೈಗಳಿಗಾಗಿಯೇ ಅಮ್ಮ, ಆರನೇ ತರಗತಿ ಮುಗಿಯುತ್ತಲೇ ಶಾಲೆ ಬಿಡಿಸಿ, ಅವಳನ್ನು ತನ್ನ ಹಿಂದೆ ಕರೆದೊಯ್ಯತೊಡಗಿದ್ದಳು. "ಅಡ್ಡ ನಿಂತ ಮಗುವನ್ನ ತಿರುಗಿಸೋ ಕೈ ಇದು. ಸೀಮೆಸುಣ್ಣ ಹಿಡಿದು ಹಾಳಾಗೋದು ಬೇಡ" ಎಂದಿದ್ದಳು. ಅಮ್ಮನಿಗೆ ಪರವಾನಗಿ ಸಿಕ್ಕರೆ ಅವಳ ಕೈಕೆಳಗೆ ಮಗಳೂ ಕೆಲಸ ಮಾಡಬಹುದು. ಸಿಗದಿದ್ದರೆ ಇಬ್ಬರ ಕೈಯೂ ಖಾಲಿ.

"ಐವತ್ತೇನು, ಐನೂರು ತೋರಿಸ್ತೀನಿ" ಎಂದಳು ಸೂಲಗಿತ್ತಿ ಗುಮಾಸ್ತನಿಗೆ. "ನಿನ್ನನ್ನ ತಲೆಕೆಳಗೆ ಹಿಡಿದು ಬೆನ್ನಿಗೆರಡು ಬಿಟ್ಟೋಳೂ ನಾನೇ. ಮೊದಲು ನಿನ್ನ ಪುಟಾನೇ ತೆಗಿ."

"ಆ ಏಟಿಗೇ ಬುದ್ಧಿ ಮಂಕಾಗಿ ಗುಮಾಸ್ತ ಆದೆ ದೊಡ್ಡಮ್ಮ."

ನಗುನಗುತ್ತಲೇ ಅವನು ತನ್ನ ಪುಟ ತೆಗೆದ. ತಂದೆಯ ಹೆಸರಿತ್ತು, ತಾಯಿಯ ಹೆಸರಿತ್ತು. 'ಹೆರಿಗೆ ಮಾಡಿಸಿದವರು' ಎಂಬ ಕಡೆ ಬರೀ ಗೆರೆ. ಮುಂದಿನ ಪುಟದಲ್ಲೂ ಗೆರೆ. ಅದರ ಮುಂದಿನದರಲ್ಲೂ.

ಸಣ್ಣಕೈಗೆ ಮೊದಲು ಹೊಳೆಯಿತು. ಪ್ರತಿ ಹೆರಿಗೆಯ ನಂತರ, ಕೈ ಒರೆಸಿಕೊಳ್ಳುತ್ತ, ಅಮ್ಮ ಮಗುವಿನ ಅಪ್ಪನಿಗೆ ಹೇಳುತ್ತಿದ್ದ ಮಾತು ಅವಳಿಗೆ ಬಾಯಿಪಾಠವಾಗಿತ್ತು: "ಕಚೇರೀಲಿ ನನ್ನ ಹೆಸರು ಮಾತ್ರ ಬರೆಸಬೇಡಪ್ಪ."

"ಮಗು ಸತ್ತರೆ ಸೂಲಗಿತ್ತೀನ ಠಾಣೆಗೆ ಎಳ್ಕೊಂಡು ಹೋಗ್ತಿದ್ರಲ್ಲಪ್ಪ" ಎಂದಳು ಸೂಲಗಿತ್ತಿ. ಅವಳ ದನಿ ಇಳಿದಿತ್ತು. "ನಮ್ಮೋಳೊಬ್ಬಳು ಮೂರು ತಿಂಗಳು ಜೈಲಲ್ಲಿದ್ದು ಬಂದಳು. ಅವತ್ತಿಂದ ನಾವ್ಯಾರೂ ಹೆಸರು ಬರೆಸ್ತಿರಲಿಲ್ಲ. ಅದೂ ಸರ್ಕಾರದ್ದೇ ಕಾನೂನು."

"ಅದು ಹಳೇದು ದೊಡ್ಡಮ್ಮ."

"ಹೆತ್ತೋರನ್ನೇ ಕರ್ಕೊಂಡು ಬರ್ತೀನಿ. ಬೀದಿಗೆ ಬೀದಿಯೇ ಬಂದು ಹೇಳುತ್ತೆ."

"ಬಾಯಿಮಾತು ನಡೆಯಲ್ಲ. ನಾನು ಹುಟ್ಟಿದ್ದು ನಿಮ್ಮ ಕೈಲಿ ಅಂತ ನಾನೇ ಬರೆಯೋ ಹಾಗಿಲ್ಲ."

ಆದರೂ ಅವನು ಎದ್ದು ಹೋಗಲಿಲ್ಲ. ಒಂದಾದ ಮೇಲೊಂದು ಪುಸ್ತಕ ಇಳಿಸಿದ, ಧೂಳಿಗೆ ಸೀನಿದ, ಮಧ್ಯಾಹ್ನದ ಊಟ ಬಿಟ್ಟ. ಕೊನೆಗೊಂದು ಪುಟದಲ್ಲಿ ಅವನ ಬೆರಳು ನಿಂತಿತು.

"ಸಿಕ್ಕಿತಾ?" ಎಂದಳು ಸೂಲಗಿತ್ತಿ ಆಸೆಯಿಂದ.

ಸಣ್ಣಕೈ ಬಗ್ಗಿ ಓದಿದಳು. ಅಮ್ಮನ ಪೂರ್ತಿ ಹೆಸರು ಇತ್ತು, ಮನೆಯ ವಿಳಾಸವೂ ಇತ್ತು. ಪೊಲೀಸಿನವನು ಬರೆಸಿದ್ದು. ಕೊನೆಯಲ್ಲಿ: 'ಹುಟ್ಟುವಾಗಲೇ ಮೃತ. ವಿಚಾರಣೆ.'

"ಸಿಕ್ಕಿತಮ್ಮ. ಒಂದು."

"ಯಾರ ಮನೇದು?"

ಮಗಳು ಪುಸ್ತಕ ಮುಚ್ಚಿದಳು. ಸೂಲಗಿತ್ತಿ ಅವಳ ಮುಖ ನೋಡಿದಳು.

ಪರವಾನಗಿ ಸಿಗದವರು ಬರೆದುಕೊಡಬೇಕಾದ ಮುಚ್ಚಳಿಕೆಯ ಹಾಳೆ ತೆಗೆದು, ಗುಮಾಸ್ತ ತಲೆ ಎತ್ತದೆ ಓದಿದ. ಇನ್ನು ಮುಂದೆ ಯಾವ ಹೆರಿಗೆಗೂ ಹೋಗುವುದಿಲ್ಲ, ಹೋದರೆ ಶಿಕ್ಷೆಗೆ ಒಪ್ಪಿಗೆ. ಇಬ್ಬರ ಹೆಸರೂ ಬೇಕು. "ನೀನೇ ಬರಿಯಮ್ಮ, ನಿನಗೆ ಬರುತ್ತಲ್ಲ" ಎಂದು ಪೆನ್ನು ಮುಂದೆ ಮಾಡಿದ.

ಅವಳು ನಿಧಾನವಾಗಿ ಅಮ್ಮನ ಹೆಸರು ಬರೆದಳು, ಅದರ ಕೆಳಗೆ ತನ್ನದು. ಸೂಲಗಿತ್ತಿ ಶಾಯಿ ಒಣಗುವುದನ್ನೇ ನೋಡುತ್ತ ಕೂತಳು.

"ಅಕ್ಷರ ಎಷ್ಟು ದುಂಡಗಿದೆ, ಅಲ್ವೇನಪ್ಪ?" ಎಂದಳು ಗುಮಾಸ್ತನಿಗೆ. "ಇನ್ನೊಂದು ವರ್ಷ ಬಿಟ್ಟಿದ್ರೆ ಏಳನೇದೂ ಆಗ್ತಿತ್ತು."