ಅಪ್ಪ ಬಚ್ಚಿಟ್ಟ ಗ್ರಹ

ಮಗಳು ಚಿಕ್ಕವಳಿದ್ದಾಗ ಅಪ್ಪ ಅವಳ ಪೆಪ್ಪರಮಿಂಟನ್ನು ಮನೆಯಲ್ಲೆಲ್ಲೋ ಬಚ್ಚಿಟ್ಟು "ಸಿಕ್ತಾ?" ಎಂದು ಪೀಡಿಸುತ್ತಿದ್ದರು. ಮುಂದೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ದೂರದ ನಕ್ಷತ್ರಗಳ ಚಿತ್ರ ಸೋಸುವ ಕೆಲಸಕ್ಕೆ ಬಿದ್ದರೂ ಆ ಚಟ ಬಿಡಲಿಲ್ಲ. "ಅಪ್ಪ ಮಗಳು ಇಬ್ರಿಗೂ ತಲೆ ಕೆಟ್ಟಿದೆ" ಎಂದು ಅಮ್ಮ ಎಂದೋ ಕೈ ತೊಳೆದುಕೊಂಡಿದ್ದಳು.

ಎಳೆಯ ನಕ್ಷತ್ರದ ಸುತ್ತ ಧೂಳಿನ ದೊಡ್ಡ ತಟ್ಟೆಯೊಂದು ತಿರುಗುತ್ತಿರುತ್ತದೆ. ಗ್ರಹಗಳು ಹುಟ್ಟುವುದು ಅದರೊಳಗೆ. ನಕ್ಷತ್ರಕ್ಕೆ ಮರೆ ಹಿಡಿದು, ಸುತ್ತ ಚೆಲ್ಲಿದ ಹೊಳಪನ್ನು ಚಿತ್ರದಿಂದ ಕಳೆಯುತ್ತ ಹೋದರೆ, ಅದೃಷ್ಟ ನೆಟ್ಟಗಿದ್ದವರಿಗೆ ಒಂದು ಚುಕ್ಕೆ ಉಳಿಯುತ್ತದೆ. ಕಳೆಯುವ ಭರದಲ್ಲಿ ಗ್ರಹವನ್ನೇ ಕಳೆದುಬಿಟ್ಟರೆ? ಅದಕ್ಕೇ ಅಪ್ಪ ಪ್ರತಿ ಚಿತ್ರದ ನಕಲಿನಲ್ಲೂ ಒಂದು ಸುಳ್ಳು ಗ್ರಹ ಅಡಗಿಸಿ ಮಗಳಿಗೆ ಕೊಡುತ್ತಿದ್ದರು. ಮರೆ ಹಿಡಿಯುವ ಮೊದಲು ತೆಗೆದ ಆ ನಕ್ಷತ್ರದ ಬಿಂಬವನ್ನೇ ಮಂಕು ಮಾಡಿ ಅಂಟಿಸಿದ ಚುಕ್ಕೆ. ಅವಳು ಹುಡುಕಿ "ಸಿಕ್ತು ಅಪ್ಪ" ಎಂದ ಕೂಡಲೇ ಅಳಿಸಿಬಿಡುತ್ತಿದ್ದರು. ಅಲ್ಲಿಯವರೆಗೆ ಜಪ್ಪಯ್ಯ ಅಂದರೂ ಇಲ್ಲ.

"ನೀನು ಹೇಳೋವರೆಗೂ ಅದು ಅಲ್ಲೇ ಇರುತ್ತೆ ಮಗಳೇ. ಎಲ್ಲೂ ಹೋಗಲ್ಲ."

ಹೋದ ವರ್ಷ ಅಪ್ಪ ಕೂತಲ್ಲೇ ತೀರಿಕೊಂಡರು. ಅವರು ಕೊಟ್ಟಿದ್ದ ಕೊನೆಯ ಚಿತ್ರವನ್ನು ಮಗಳು ಅಳುತ್ತಲೇ ಸೋಸಿದಳು. ತಟ್ಟೆಯ ನಡುವಿನ ಕಪ್ಪು ಸಂದಿಯಲ್ಲಿ ಚುಕ್ಕೆ ಕಂಡಿತು. ಚುಕ್ಕೆಯ ಎಡ ಅಂಚಿಗೆ ಇಲಿ ಕಡಿದಂಥ ಪುಟ್ಟ ಕಚ್ಚು. ಅದೇನೂ ವಿಶೇಷವಲ್ಲ. ಆಗ ದೂರದರ್ಶಕದ ಕನ್ನಡಿಗೆ ಕಲೆ ಕೂತಿದ್ದರಿಂದ ನಕ್ಷತ್ರದ ಬಿಂಬಕ್ಕೂ ಅದೇ ಕಚ್ಚು ಇತ್ತು. ಹುಟ್ಟುತ್ತಿರುವ ಗ್ರಹ ಸಿಕ್ಕಿತೆಂದು ಕಚೇರಿಯೆಲ್ಲ ಕುಣಿಯಿತು. ಇವಳು ಮಾತ್ರ ಕುಣಿಯಲಿಲ್ಲ. ಅಪ್ಪನ ಕೈ ಸೋಕದ ಮೂಲ ಚಿತ್ರವನ್ನು ತರಿಸಿ ಮೊದಲಿಂದ ಸೋಸಿದಳು. ಚುಕ್ಕೆ ಇರಲಿಲ್ಲ.

"ಅದು ನಮ್ಮಪ್ಪ ಇಟ್ಟಿದ್ದು ಸರ್" ಎಂದಳು ಕಚೇರಿಯ ನಿರ್ದೇಶಕರಿಗೆ.

ಅವರ ಮುಖ ಹುಳ್ಳಗಾಯಿತು. "ಇನ್ನೊಂದು ಸಲ ಚಿತ್ರ ತೆಗೆಸೋಣ. ಆಗಲೂ ಏನೂ ಸಿಗ್ಲಿಲ್ಲ ಅಂದ್ರೆ ಈ ಕೋಣೆಗೆ ಬೀಗ ಹಾಕ್ತಾರಮ್ಮ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ."

ಈ ಕೆಲಸ ಬಿಟ್ಟರೆ ಅವಳಿಗೆ ಬೇರೇನೂ ಬರುತ್ತಿರಲಿಲ್ಲ. ಅಪ್ಪನ ಕುರ್ಚಿ, ಅದರ ಬೆನ್ನಿಗೆ ನೇತುಬಿದ್ದ ಸ್ವೆಟರು, ಎರಡೂ ಇದ್ದದ್ದು ಅದೇ ಕೋಣೆಯಲ್ಲಿ. ಬೀಗ ಬಿದ್ದರೆ ಅವೂ ಹೋಗುತ್ತಿದ್ದವು.

ಹೊಸ ಚಿತ್ರ ಬಂದದ್ದು ಕನ್ನಡಿ ತೊಳೆದು ಎಷ್ಟೋ ದಿನಗಳ ಮೇಲೆ. ನೇರ ವೀಕ್ಷಣಾಲಯದಿಂದಲೇ ತರಿಸಿ ತಾನೇ ತೆರೆದಳು, ಬೇರೆ ಯಾರ ಕೈಗೂ ಕೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೋಸಿ ಮುಗಿಯಿತು.

ಕಪ್ಪು ಸಂದಿಯಲ್ಲಿ ಚುಕ್ಕೆ ಇತ್ತು.

ಹೋದ ವರ್ಷದ ಜಾಗದಿಂದ ತುಸು ಸರಿದಿತ್ತು. ನಿಜವಾದ ಗ್ರಹವಾಗಿದ್ದರೆ ಒಂದು ವರ್ಷದಲ್ಲಿ ಎಷ್ಟು ಸರಿಯಬೇಕೋ ಸರಿಯಾಗಿ ಅಷ್ಟೇ. ದೊಡ್ಡದು ಮಾಡಿ ನೋಡಿದಳು. ನಕ್ಷತ್ರದ ಬಿಂಬ ಈಗ ತೊಳೆದ ಮುತ್ತಿನಂತೆ ಗುಂಡಗಿತ್ತು. ಚುಕ್ಕೆಯ ಎಡ ಅಂಚಿನಲ್ಲಿ ಮಾತ್ರ ಹೋದ ವರ್ಷದ ಅದೇ ಕಚ್ಚು.

ತಿರುಗಿ ನೋಡಬಾರದು ಅಂದುಕೊಂಡೇ ತಿರುಗಿ ನೋಡಿದಳು. ಕುರ್ಚಿ ಖಾಲಿ ಇತ್ತು. ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು. ಸ್ವೆಟರಿನ ಒಂದು ತೋಳು ಮಾತ್ರ ಮೆಲ್ಲಗೆ ತೂಗುತ್ತಿತ್ತು. ಅವಳಿಗೆ ಎದೆ ಒಡೆಯುವಷ್ಟು ಭಯವಾಯಿತು. ಅಷ್ಟೇ ಸಂತೋಷವೂ ಆಯಿತು.

ಬಾಗಿಲು ತೆರೆದ ಸದ್ದಾಯಿತು. ನಿರ್ದೇಶಕರು ಒಳಗೆ ತಲೆ ಹಾಕಿದರು.

"ಸಿಕ್ತಾ?"

ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಒಂದೇ ಒಂದು ಮಾತು ಸಾಕಿತ್ತು, ಕೋಣೆ ಉಳಿಯುತ್ತಿತ್ತು, ಹೆಸರು ಬರುತ್ತಿತ್ತು. ಆದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ಅಪ್ಪ ಏನು ಮಾಡುತ್ತಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಂಗೈ ಅಗಲಿಸಿ ಪರದೆಯ ಮೇಲಿನ ಚುಕ್ಕೆಯನ್ನು ಮುಚ್ಚಿದಳು.

"ಇಲ್ಲ ಸರ್" ಎಂದಳು, ಕುರ್ಚಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ಇನ್ನೂ ಹುಡುಕ್ತಾ ಇದೀನಿ."