ಓಗೊಟ್ಟ ಹಕ್ಕಿ

ಬಲಗಾಲಿನ ರಬ್ಬರ್ ಬೂಟು ಬರಲೊಲ್ಲದು. ರುಸ್ಬೆಲ್ ತನ್ನ ಸತ್ತ ಅಣ್ಣನ ಹಿಮ್ಮಡಿ ಹಿಡಿದು ಎಳೆದ, ಪೆಟ್ಟಿಗೆಗೆ ಕಾಲು ಕೊಟ್ಟು ಎಳೆದ, ಕೊನೆಗೆ ಬೈದುಕೊಂಡು ಮಚ್ಚು ಕೇಳಿದ. ಹಳೆಯ ದೋಣಿಯ ಹಲಗೆ ಕಿತ್ತು ಪೆಟ್ಟಿಗೆ ಮಾಡಿದ್ದ ಬಡಗಿ ಫೌಸ್ತೊ ಅಳತೆಯಲ್ಲಿ ಬೂಟನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಸತ್ತೋರ ಬೂಟು ಬಿಚ್ಚೋದು ವಾಡಿಕೆ. ನನ್ ತಪ್ಪೇನಿದೆ?" ಅಂದ ಫೌಸ್ತೊ.

"ನೀನ್ ಮಾಡಿದ ದೋಣೀಲಿ ಕೂತ್ರೆ ಮಂಡಿ ಕಿವಿಗೆ ತಾಗುತ್ತೆ. ಅಳತೆ ಮಾತು ನೀನಾಡ್ಬೇಡ," ಅಂದ ರುಸ್ಬೆಲ್.

"ಹಿಂದ್ಗಡೆ ಗೆರೆ ಗುಂಟ ಸೀಳು," ಅಂದ ಮೂಲೆಯಲ್ಲಿ ಕೂತಿದ್ದ ಮುದುಕ ಲಿಯೊನ್ಸಿಯೊ. ಸತ್ತವನ ತಂದೆ. ಹೆಣ ಮನೆಗೆ ಬಂದಾಗಿನಿಂದ ಅವನು ಆಡಿದ ಮೊದಲ ಮಾತು ಅದು. "ಕಾಲಿಗೆ ತಾಗಿಸ್ಬೇಡ."

ರಬ್ಬರು ಬಾಯಿಬಿಟ್ಟಿತು. ಕುತ್ತಿಗೆಯಿಂದ ಇಳಿದು ಬೂಟಿನೊಳಗೆ ನಿಂತ ರಕ್ತ ಹೆಪ್ಪುಗಟ್ಟಿತ್ತು. ಅದು ಹಾಗೇ ನೆಲಕ್ಕೆ ಜಾರಿತು. ಹೆಂಗಸೊಬ್ಬಳು ಒಲೆಯ ಬೂದಿ ತಂದು ಮುಚ್ಚಿದಳು.

ಸತ್ತ ಎವರಿಸ್ತೊ ನಮ್ಮ ಬೋಕಾ ಪಾರ್ದಾ ಊರಿನ ಗೈಡು. ಅಭಯಾರಣ್ಯಕ್ಕೆ ಬರುವ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಗಿಣಿ, ನೀರುನಾಯಿ, ಕೋತಿ ತೋರಿಸಿ, ಎಲ್ಲರಿಗೂ ಒಂದೇ ಜೋಕು ಹೇಳಿ, ಸಂಜೆ ಮನೆಗೆ ಬಂದು ಮೀನು ತಿಂದು ಮಲಗುವ ಮನುಷ್ಯ. ಊರಿಗೆ ಅವನಿಂದ ದೊಡ್ಡ ಉಪಕಾರವೇನೂ ಆಗಿರಲಿಲ್ಲ, ಕೇಡೂ ಆಗಿರಲಿಲ್ಲ. ಅಂಥವನನ್ನು ಮೊನ್ನೆ ಕಾಡಿನೊಳಗೆ ಯಾರೋ ಕೋವಿಯಿಂದ ಹೊಡೆದಿದ್ದರು. ಯಾರೋ ಅನ್ನುವುದು ಪೊಲೀಸರ ಮಾತು. ಊರು ವಿಲ್ಡರ್ ಅಂದಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು, ನಿಜ. ಆದರೆ ಈ ಸಲ ಕರು ಕಣ್ಣಿಗೇ ಕಾಣುತ್ತಿತ್ತು. ಮೇಲಿನ ತಿರುವಿನಲ್ಲಿ ಪಂಪು ಇಟ್ಟು, ದಡ ಕೊರೆದು ಚಿನ್ನ ತೆಗೆಯುವ ಆ ವಿಲ್ಡರ್, ನಿನ್ನನ್ನು ಒಂದು ದಿನ ಮುಗಿಸುತ್ತೇನೆ ಎಂದು ಎವರಿಸ್ತೊಗೆ ಎಲ್ಲರೆದುರೇ ಹೇಳಿದ್ದ.

ರುಸ್ಬೆಲ್ ಮಚ್ಚನ್ನು ಪ್ಯಾಂಟಿಗೆ ಒರೆಸಿ, ಅಣ್ಣನ ಎದೆಯ ಮೇಲೆ ಕೈಯಿಟ್ಟ.

"ಯಾರೇ ಆಗಿರ್ಲಿ, ನನ್ ಕೈಯಲ್ಲೇ ಸಾಯ್ತಾನೆ. ಮಣ್ಣು ಹಾಕಿದ್ ಕೂಡ್ಲೇ ಹೊರಡೋದು. ಪೆಟ್ರೋಲು ದೋಣೀಲಿದೆ. ಮಲಗೋ ಗುಡಿಸಲಿಗೇ ಬೆಂಕಿ ಇಡ್ತೀನಿ, ಹೊರಗ್ ಬಂದ್ರೆ ಕೋವಿ ಇದೆ."

"ಪೊಲೀಸ್ರು ಸೋಮವಾರ ಬರ್ತಾರಂತೆ," ಅಂದ ಫೌಸ್ತೊ.

"ಬರ್ಲಿ. ಎರಡು ಹೆಣ ಒಟ್ಟಿಗೇ ನೋಡ್ಕೊಂಡು ಹೋಗ್ಲಿ."

ಮುದುಕ ಸತ್ತ ಮಗನ ಬಾಯನ್ನೇ ನೋಡುತ್ತಿದ್ದ. ಗದ್ದಕ್ಕೆ ಕಟ್ಟಿದ ಬಟ್ಟೆ ಸಡಿಲವಾಗಿ ಮುಂದಿನ ಹೊಸ ಹಲ್ಲು ಬೆಳ್ಳಗೆ ಕಾಣುತ್ತಿತ್ತು.

"ಪಟ್ಟಣದಲ್ಲಿ ಹಲ್ಲು ಕಟ್ಟಿಸ್ಕೊಂಡು, ಮನೆಗೂ ಬರ್ದೆ ನೆಟ್ಟಗೆ ಟೂರಿಸ್ಟು ಕರ್ಕೊಂಡು ಕಾಡಿಗೇ ಹೋದ," ಅಂದಳು ಬೂದಿ ತಂದವಳು. "ಪಾಪ, ಆ ಹಲ್ಲಲ್ಲಿ ಊರೋರ್ ಮುಂದೆ ಒಂದ್ಸಲಾನೂ ನಗ್ಲಿಲ್ಲ."

*

ಪಂಗ್ವಾನಾ ನೆಲದ ಮೇಲೆ ಓಡಾಡುವ ಹಕ್ಕಿ. ಗಾತ್ರದಲ್ಲಿ ಕೋಳಿಗಿಂತ ಚಿಕ್ಕದು, ರುಚಿಯಲ್ಲಿ ದೊಡ್ಡದು. ಹುಡುಕಿದರೆ ಸಿಗದು, ಸಿಳ್ಳೆ ಹಾಕಿ ಕರೆಯಬೇಕು. ತನ್ನ ಜಾತಿಯದೇ ಎಂದು ನಂಬಿ, ಓಗೊಡುತ್ತ ತಾನಾಗಿ ನಡೆದು ಬರುತ್ತದೆ. ಈ ಸಿಳ್ಳೆಯಲ್ಲಿ ಲಿಯೊನ್ಸಿಯೊನನ್ನು ಮೀರಿಸಿದವರು ನಮ್ಮ ಹೊಳೆಯ ಉದ್ದಕ್ಕೂ ಇಲ್ಲ. ಕೊನೆಯ ಸ್ವರವನ್ನು ಅವನು ಸ್ವಲ್ಪ ಮುರಿಯುತ್ತಿದ್ದ. ನಿಜವಾದ ಹಕ್ಕಿ ಮುರಿಯುವುದಿಲ್ಲ, ಆದರೆ ಹಕ್ಕಿಗಳಿಗೆ ಮುರಿದದ್ದೇ ಹೆಚ್ಚು ಹಿಡಿಸುತ್ತಿತ್ತು.

"ಒಂಟಿ ಅಂತ ಗೊತ್ತಾಗ್ಬೇಕು ಕಣೋ. ಆಗ್ಲೇ ಅದಕ್ಕೆ ಕರುಳು ಚುರುಕ್ ಅನ್ನೋದು," ಎಂದು ಮಗ ಎವರಿಸ್ತೊಗೆ ಚಿಕ್ಕಂದಿನಲ್ಲಿ ಕಲಿಸಿದ್ದ. ಇನ್ನೊಂದನ್ನೂ ಕಲಿಸಿದ್ದ. "ಕರೆದವನು ಕದಲಬಾರದು. ಕದಲಿದ್ದೇ ಬೇಟೆ."

ಮಗ ದೊಡ್ಡವನಾಗಿ ಕೋವಿ ಬಿಟ್ಟು ದುರ್ಬೀನು ಹಿಡಿದ. "ತಿನ್ನೋಕಲ್ದೆ ಬರೀ ನೋಡೋಕೆ ಅಷ್ಟು ದೂರದಿಂದ ಬರ್ತಾರಾ?" ಎಂದು ಅಪ್ಪ ಬಹಳ ದಿನ ಗೊಣಗಿದ. ಆಮೇಲೆ ಇಬ್ಬರೂ ಒಪ್ಪಂದಕ್ಕೆ ಬಂದರು. ತೊರೆಯ ಈಚೆ ಅಪ್ಪನ ಕೋವಿ, ಆಚೆ ಅಭಯಾರಣ್ಯದಲ್ಲಿ ಮಗನ ದುರ್ಬೀನು.

ಅಷ್ಟರಲ್ಲಿ ವಿಲ್ಡರ್ ಬಂದ. ಅವನ ಪಂಪುಗಳು ತೊರೆಯ ಈಚೆಯ ಕಾಡನ್ನು ಕುಡಿದು ಕೆಸರು ಉಗುಳಿದವು. ಎವರಿಸ್ತೊ ಅರಣ್ಯದ ಕಾವಲಿನವರಿಗೆ ಆ ಜಾಗ ತೋರಿಸಿಕೊಟ್ಟ. ಅವರು ಎರಡು ಪಂಪು ಸುಟ್ಟುಹಾಕಿ ಹೋದರು. ಮರುವಾರ ದೋಣಿಗಟ್ಟೆಯಲ್ಲಿ, ಎವರಿಸ್ತೊ ಬಾಳೆಗೊನೆ ಇಳಿಸಲು ಬಗ್ಗಿದ್ದಾಗ, ವಿಲ್ಡರ್ ದೋಣಿಯ ಹುಟ್ಟು ಎತ್ತಿ ಅವನ ಮುಖಕ್ಕೆ ಬೀಸಿದ. ಬಿದ್ದವನ ಮೇಲೆ ನಿಂತು ಮತ್ತೆ ಬೀಸಿದ. ಹುಟ್ಟು ಮುರಿಯುವ ತನಕ ಬೀಸಿದ. ಕಟ್ಟೆಯ ಮೇಲಿದ್ದ ನಾವು ಯಾರೂ ಅಡ್ಡ ಹೋಗಲಿಲ್ಲ. ಮುದುಕ ಓಡಿಬಂದು ಮಗನ ಮೇಲೆ ಕವುಚಿ ಬಿದ್ದ ಮೇಲೆಯೇ ಅದು ನಿಂತದ್ದು.

ಮುಂದಿನ ಹಲ್ಲು ಹೋಗಿತ್ತು. ಗಾಯ ಮಾಗಿದ ಮೇಲೆ ಎವರಿಸ್ತೊ ಸಿಳ್ಳೆ ಹಾಕಿ ನೋಡಿದರೆ ಸಂದಿಯಲ್ಲಿ ಗಾಳಿ ಸೋರಿ ಬುಸ್ ಅನ್ನುತ್ತಿತ್ತು.

"ಒಳ್ಳೇದೇ ಆಯ್ತು ಬಿಡು," ಅಂದಿದ್ದ ಮುದುಕ. "ಇನ್ಮೇಲೆ ಎಲ್ಲಿ ಕೇಳಿದ್ರೂ ನೀನೇ ಅಂತ ಗೊತ್ತಾಗುತ್ತೆ. ತಪ್ಪಿ ನಿನ್ನ ಹೊಡೆಯೋ ಭಯ ಇಲ್ಲ."

ಮನೆಮಂದಿಯೆಲ್ಲ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಎವರಿಸ್ತೊನ ಹೆಂಡತಿ ಸೊಯ್ಲಾ.

*

ಸೊಯ್ಲಾ ಕಾಫಿ ಹಂಚುತ್ತಿದ್ದಳು. ಗಂಡಸರು ಕಾಫಿಗೆ ಕಬ್ಬಿನ ಸಾರಾಯಿ ಬೆರೆಸಿಕೊಂಡು, ವಿಲ್ಡರನನ್ನು ಬಾಯಲ್ಲೇ ನಾಲ್ಕು ಸಲ ಕೊಂದಿದ್ದರು. ಒತೀಲಿಯಾ ಎಂಬ ಚಿಲಿ ದೇಶದ ಮುದುಕಿ ಪೆಟ್ಟಿಗೆಯ ಪಕ್ಕ ಕೂತಿದ್ದಳು. ಎವರಿಸ್ತೊ ಕೊನೆಗೆ ಕಾಡಿಗೆ ಕರೆದೊಯ್ದದ್ದು ಅವಳನ್ನೇ. ಅವಳ ಬೂಟಿನ ಲಾಡಿಯಲ್ಲಿ ಇನ್ನೂ ರಕ್ತವಿತ್ತು.

"ಎಲ್ಲಾ ನೋಡಿದ್ದೆ, ಪಂಗ್ವಾನಾ ಒಂದು ಬಾಕಿ ಇತ್ತು," ಅಂದಳು. "ಸಿಳ್ಳೆ ಹಾಕಿದ. ಹಕ್ಕಿ ಓಗೊಡ್ತು. ಇವನಿಗೆ ಖುಷಿಯೋ ಖುಷಿ, ಮಗು ಥರ ನಗ್ತಿದ್ದ. 'ಅಮ್ಮಾ, ಇದು ಮುದಿ ಹಕ್ಕಿ. ಹೊಸ ಹಲ್ಲಲ್ಲಿ ಹೆಂಗ್ ಆಟ ಆಡಿಸ್ತೀನಿ ನೋಡಿ' ಅಂದ. ಮತ್ತೆ ಹಾಕಿದ. ಅದು ಇನ್ನೂ ಹತ್ರದಿಂದ ಓಗೊಡ್ತು. ಆಗ ನಗ್ತಾನೇ ಎಲೆ ಸರಿಸಿ ತಲೆ ಎತ್ತಿದ. ಅಷ್ಟೇ. ಕುತ್ತಿಗೇಗೆ ಬಿತ್ತು. ನಾನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ, ಬೆರಳ ಸಂದೀಲಿ ಬರ್ತಾನೇ ಇತ್ತು."

ಅವಳು ಮುದುಕನ ಮೊಣಕಾಲು ಮುಟ್ಟಿದಳು.

"ಕೊನೆಗೆ ನಿಮ್ಮನ್ನೇ ಕರೆದ. 'ಅಪ್ಪಾ' ಅಂದ. ಕಾಡಿನ ಕಡೆ ನೋಡ್ಕೊಂಡು ಕರೀತಾನೇ ಇದ್ದ."

ಹೆಂಗಸರು ಗೊಳೋ ಎಂದರು. ರುಸ್ಬೆಲ್ ಮನೆಯ ಕಂಬಕ್ಕೆ ಮುಷ್ಟಿಯಿಂದ ಗುದ್ದಿದ, ಗೆಣ್ಣು ಒಡೆದು ಕಂಬ ಕೆಂಪಾಗುವ ತನಕ ಗುದ್ದಿದ. ಸೊಯ್ಲಾ ಮಾತ್ರ ಕಾಫಿಯ ಪಾತ್ರೆ ಹಿಡಿದು ನಿಂತೇ ಇದ್ದಳು. ಮುದಿ ಹಕ್ಕಿ ಅನ್ನುವುದು ಗಂಡ ಹೆಂಡಿರ ನಡುವಿನ ಮಾತು. ಬೆನ್ನ ಹಿಂದೆ ಅವರು ಲಿಯೊನ್ಸಿಯೊನನ್ನು ಕರೆಯುತ್ತಿದ್ದದ್ದೇ ಹಾಗೆ.

"ಮಾವ, ಒಳಗ್ ಬನ್ನಿ. ಸೌದೆ ಎತ್ಕೊಡಿ," ಅಂದಳು.

ಒಲೆಯ ಮುಂದೆ ಅವನೇ ಮೊದಲು ಬಾಯಿಬಿಟ್ಟ. "ಹಲ್ಲು ಕಟ್ಟಿಸ್ಕೊಂಡಿದ್ದು ನಂಗ್ಯಾರೂ ಹೇಳ್ಲಿಲ್ಲ, ಸೊಯ್ಲಾ. ಸಿಳ್ಳೆ ಬುಸ್ ಅನ್ಲಿಲ್ಲ. ಎಲೆ ಅಲ್ಲಾಡ್ತು, ಕಂದು ಟೋಪಿ ಕಾಣ್ತು. ಹಕ್ಕಿ ಬೆನ್ನು ಅನ್ಕೊಂಡೆ."

"ತೊರೆ ಯಾಕ್ ದಾಟಿದ್ರಿ?"

"ಈಚೆ ಏನಿದೆ? ಕೆಸರು."

"ಅವ್ರು ಕರೀತಿದ್ರು."

"ಕೇಳಿಸ್ತು."

"ಕೇಳಿಸ್ತಾ?"

"ಆ ಯಮ್ಮ ಕಿರುಚ್ತಿದ್ಲು. ಕಾಲು ತಂತಾನೇ ಮನೆ ಕಡೆ ಓಡ್ತು."

ಸೊಯ್ಲಾ ಒಲೆಯ ಮೇಲಿದ್ದ ಕಬ್ಬಿಣದ ಸೌಟು ತೆಗೆದು ಅವನ ಮುಖಕ್ಕೆ ಹೊಡೆದಳು. ತುಟಿ ಸೀಳಿತು. ಮತ್ತೆ ಹೊಡೆದಳು. ಮುದುಕ ಕೈ ಅಡ್ಡ ಹಿಡಿಯಲಿಲ್ಲ. ಇನ್ನೊಂದು ಬೀಳಲಿ ಅನ್ನುವ ಹಾಗೆ ಮುಖ ಮುಂದೆ ಒಡ್ಡಿದ. ಅದನ್ನು ನೋಡಿ ಅವಳ ಕೈ ಸೋತಿತು. ಗಂಡನ ಮೇಲಿನ ದುಃಖ, ಈ ಮುದುಕನ ಮೇಲಿನ ಸಿಟ್ಟು, ಅವನ ಮೇಲೇ ಉಕ್ಕುವ ಮರುಕ, ಎಲ್ಲ ಒಟ್ಟಿಗೆ ನುಗ್ಗಿ ಬಂದಾಗ, ಅಳು ಹೊರಗೆ ಕೇಳಿಸದಂತೆ ಅವಳು ತೋಳನ್ನು ಕಚ್ಚಿಕೊಂಡಳು.

"ರುಸ್ಬೆಲ್‌ಗೆ ಹೇಳಿ."

"ಹೇಳಿದ್ರೆ ನನ್ನ ಬಿಡಲ್ಲ. ಆಣೆ ಮಾಡಿದಾನೆ."

"ಹೇಳ್ದಿದ್ರೆ ವಿಲ್ಡರ್‌ನ ಬಿಡಲ್ಲ. ಆ ಗುಡಿಸಲಲ್ಲಿ ಅವನೊಬ್ನೇ ಮಲಗಲ್ಲ ಮಾವ, ಹೆಂಡ್ತಿ ಇದಾಳೆ, ಹಾಲು ಕುಡಿಯೋ ಕೂಸಿದೆ."

"ಅವನೇ ತಾನೇ ಹಲ್ಲು ಮುರಿದಿದ್ದು?"

"ಹಲ್ಲು ಮುರಿದ. ಕೊಂದಿದ್ದು ನೀವು." ಸೌಟನ್ನು ಒಲೆಯ ಮೇಲೆ ಇಟ್ಟಳು. "ನಾನ್ ಹೇಳಲ್ಲ. ಅಪ್ಪನ ಹೆಸರು ಸೊಸೆ ಬಾಯಲ್ಲಿ ಬರೋದು ಬೇಡ. ನೀವೇ ಹೇಳ್ಬೇಕು."

*

ದಡದ ಮೇಲಿನ ದಿಬ್ಬದಲ್ಲಿ ಹೂತರು. ಪಾದ್ರಿ ಇರಲಿಲ್ಲ, ಫೌಸ್ತೊನೇ ಪ್ರಾರ್ಥನೆ ಹೇಳಿ, ನಡುವೆ ಮರೆತು, ಮತ್ತೆ ಮೊದಲಿಂದ ಹೇಳಿದ. ಮುದುಕನ ಒಡೆದ ತುಟಿ ಕಂಡವರು ದುಃಖದಲ್ಲಿ ಎಲ್ಲೋ ಬಿದ್ದಿರಬೇಕು ಅಂದುಕೊಂಡರು. ತನ್ನ ಪಾಲಿನ ಮಣ್ಣನ್ನು ಅವನು ಮುಷ್ಟಿಯಲ್ಲಿ ಹಿಡಿದೇ ಇದ್ದ, ಹಾಕಲಿಲ್ಲ.

ಗುದ್ದಲಿಗಳನ್ನು ಅಲ್ಲೇ ಬಿಸಾಡಿ ಗಂಡಸರು ದೋಣಿಗಟ್ಟೆಗೆ ಇಳಿದರು. ಪೆಟ್ರೋಲಿನ ಡಬ್ಬಗಳ ನಡುವೆ ಕೋವಿ ಹಿಡಿದು ರುಸ್ಬೆಲ್ ಮುಂದೆ ಕೂತ. ಎಂಜಿನ್ನು ಕೆಮ್ಮಿ ಹತ್ತಿಕೊಂಡಿತು. ದೋಣಿ ದಡ ಬಿಟ್ಟು ನೀರಿನ ನಡುವಿಗೆ ತಿರುಗಿತು.

ಸೊಯ್ಲಾ ಮಾವನ ಮುಖ ನೋಡಿದಳು.

ಮುದುಕ ಮುಷ್ಟಿ ಬಿಚ್ಚಿ ಮಣ್ಣು ಉದುರಿಸಿದ. ಎರಡು ಕೈ ಬೊಗಸೆ ಮಾಡಿ ಬಾಯಿಗೆ ತಂದ. ಮೊದಲ ಸಲ ಬರೀ ಉಸಿರು ಬಂತು, ಜೊತೆಗೆ ರಕ್ತ. ತುಟಿ ಒರೆಸಿಕೊಂಡು ಮತ್ತೆ ಊದಿದ. ಈ ಸಲ ಬಂತು. ಎಂಜಿನ್ನಿನ ಸದ್ದಿನ ಮೇಲೆ ತೇಲಿ ಹೋಗಿ, ಕೊನೆಯ ಸ್ವರದಲ್ಲಿ ಮುರಿಯಿತು.

"ಅದೇ," ಅಂದಳು ಹೆಂಗಸರ ನಡುವೆ ನಿಂತಿದ್ದ ಒತೀಲಿಯಾ. "ಅವತ್ತು ಓಗೊಟ್ಟಿದ್ದು ಅದೇ ಹಕ್ಕಿ. ಎಲ್ಲಿದೆ?" ಅವಳು ಆಚೆ ದಡದ ಮರಗಳ ಬುಡದಲ್ಲಿ ಹುಡುಕುತ್ತಿದ್ದಳು. ಬೇರೆ ಯಾರೂ ಮರಗಳ ಕಡೆ ನೋಡಲಿಲ್ಲ.

ಎಂಜಿನ್ನು ನಿಂತಿತು. ದೋಣಿಯನ್ನು ನೀರು ಮೆಲ್ಲಗೆ ದಡದ ಕಡೆಗೇ ತರತೊಡಗಿತು. ರುಸ್ಬೆಲ್ ಕೋವಿ ಹಿಡಿದೇ ಎದ್ದು ನಿಂತ.

"ಅಪ್ಪಾ?" ಅಂದ.

ಮುದುಕ ಬಾಯಿಂದ ಕೈ ತೆಗೆಯಲಿಲ್ಲ. ದಿಬ್ಬ ಇಳಿದು, ಒಂದು ಗಿಡವೂ ಇಲ್ಲದ ಮರಳ ದಂಡೆಗೆ ಕಾಲಿಟ್ಟ. ದೋಣಿಯ ಕಡೆಗೆ ನಾಲ್ಕು ಹೆಜ್ಜೆ ನಡೆದು, ನಿಂತು, ಸಿಳ್ಳೆ ಹಾಕಿದ. ಮತ್ತೆ ನಾಲ್ಕು ಹೆಜ್ಜೆ ನಡೆದು ನಿಂತ. ಕರೆದಾಗ ಪಂಗ್ವಾನಾ ಬರುವುದು ಹಾಗೆಯೇ.