ನೆತ್ತಿಗೆ ಹತ್ತಿದ ನೀರು

ಬರುವ ಕೂಸಿನ ನಾಲಿಗೆಗೆ ಜೇನು, ಹೊರಟ ಜೀವದ ನಾಲಿಗೆಗೆ ನೀರು, ನಡುವೆ ಉಂಡದ್ದೆಲ್ಲ ಋಣ ಎಂದು ಬಾಗಿಯ ಅಜ್ಜಿ ಹೇಳುತ್ತಿದ್ದಳು. ಅಜ್ಜಿಯ ಮಾತಿನಲ್ಲಿ ಬಾಗಿಗೆ ಎಂದೂ ಸಂಶಯ ಹುಟ್ಟಿರಲಿಲ್ಲ. ಆದ್ದರಿಂದಲೇ ಠಾಣೆಯ ಪಕ್ಕದ ಕಳವಾ ಎಂಬ ಊರಿನ ಚಾಳಿನ ಒಂಟಿ ಕೋಣೆಯಲ್ಲಿ, ಲಕ್ವಾ ಹೊಡೆದು ಮಲಗಿದ್ದ ಮಾವ ಬೂಬ ಪೂಜಾರಿಯ ಉಸಿರು ಏರುಪೇರಾದ ದಿನ ಅವಳು ಚಾಳಿನವರನ್ನೆಲ್ಲ ಕರೆದಳು. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ನಿಂತು, ತುಳಸಿ ಹಾಕಿದ ನೀರನ್ನು ಒಬ್ಬೊಬ್ಬರೂ ಒಂದೊಂದು ಚಮಚ ಮುದುಕನ ಬಾಯಿಗೆ ಬಿಟ್ಟರು. ಮೊದಲ ಚಮಚ ಬಾಗಿಯದು. ಮುದುಕ ಕೆಮ್ಮಿದ.

"ನೆತ್ತಿಗೆ ಹತ್ತಿತು. ಊರಲ್ಲಿ ಯಾರೋ ನೆನೆಸಿಕೊಳ್ತಾ ಇದ್ದಾರೆ," ಎನ್ನುತ್ತ ಅವಳು ಅವನ ನೆತ್ತಿ ತಟ್ಟಿ ಇನ್ನೊಂದು ಚಮಚ ಬಿಟ್ಟಳು.

ದೀಪ ಹಚ್ಚುವ ಮೊದಲೇ ಬೂಬ ಹೋದ. ಬಾಯಲ್ಲಿ ನೀರಿಟ್ಟುಕೊಂಡು ಹೋದ ಪುಣ್ಯವಂತ ಎಂದು ಎಲ್ಲರೂ ಹೇಳಿದರು. ಮಗ ಚೆನ್ನಯ ಆ ಮಾತನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡ.

ಚೆನ್ನಯ ಬಾಗಿಯ ಗಂಡ, ಐರೋಲಿಯ ಒಂದು ಕ್ಯಾಂಟೀನಿನಲ್ಲಿ ಚಹಾ ಕಾಸುವವನು. ಅಪ್ಪ ಮಲಗಿದ್ದಷ್ಟು ಕಾಲವೂ ಬಾಗಿ ಅವನ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿಗೆ ಒಂದು ಹುಣ್ಣೂ ಏಳದಂತೆ ನೋಡಿಕೊಂಡದ್ದನ್ನು ಕಂಡಿದ್ದ. "ನಿನ್ನ ಕೈಯಲ್ಲಿ ಈ ವಿದ್ಯೆ ಇದೆ ಮಾರಾಯ್ತಿ. ಅದಕ್ಕೊಂದು ಸರ್ಟಿಫಿಕೇಟ್ ಆಗಲಿ," ಎಂದು ಕಲ್ಯಾಣದ ನರ್ಸಿಂಗ್ ಕ್ಲಾಸಿಗೆ ಸೇರಿಸಿದ. ಅದು ಎರಡು ಸಾವಿರದ ಎಂಟರ ಮಳೆಗಾಲ.

ಅಲ್ಲಿ ಕಲಿಸುವವರು ಮಂಗಳೂರು ಕಡೆಯ ರಮಿತಾ ಟೀಚರ್. ಒಂದು ದಿನ ಅವರು ಗೋಡೆಗೆ ಗಂಟಲಿನ ಚಿತ್ರ ತೂಗುಹಾಕಿ, "ನೀರು ಕುಡಿವಾಗ ಕೆಮ್ಮು ಯಾಕೆ ಬರ್ತದೆ? ಕೌನ್ ಬತಾಯೇಗಾ?" ಎಂದರು.

ಬಾಗಿ ಎದ್ದು ನಿಂತಳು. "ಯಾರಾದ್ರೂ ನೆನೆಸಿಕೊಂಡ್ರೆ, ಟೀಚರ್."

ಪಕ್ಕದಲ್ಲಿದ್ದ ತೃಪ್ತಿ ಠಾಣೆಯಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾದರೂ ಬಾಯಿಗೆ ಬರುವುದು ಹಿಂದಿಯೇ. ಅವಳು ಅದನ್ನು ಹಿಂದಿಗೆ ತಿರುಗಿಸಿ ಹೇಳಿದ್ದೇ ತಡ, ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಕೌನ್ ಯಾದ್ ಕರ್ತಾ ಹೈ ರೇ ಬಾಗಿ? ಕೋಯೀ ಹೀರೋ ಹೈ ಕ್ಯಾ?" ಎಂದು ತೃಪ್ತಿಯೇ ಕೆಣಕಿದಳು.

ಟೀಚರ್ ಕೂಡ ನಕ್ಕರು. ಆಮೇಲೆ ಕೋಲನ್ನು ಚಿತ್ರದ ಮೇಲಿಟ್ಟರು. "ನೆನೆಸಿಕೊಳ್ಳುವವರು ನೆನೆಸಿಕೊಳ್ಳಲಿ. ಇಲ್ಲಿ ನೋಡಿ, ಎರಡು ದಾರಿ. ಒಂದು ಅನ್ನದ್ದು, ಒಂದು ಉಸಿರಿನದ್ದು. ಲಕ್ವಾ ಹೊಡೆದವರಿಗೆ ಉಸಿರಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ತೆಳ್ಳಗಿನ ನೀರು ಸೀದಾ ಎದೆಗೆ ಇಳೀತದೆ. ಅಂಥವರಿಗೆ ಗಂಜಿಯ ಹಾಗೆ ದಪ್ಪ ಮಾಡಿಯೇ ಕೊಡಬೇಕು. ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಬೇಕು. ಕೆಮ್ಮಿದ ಮೇಲೂ ಕೊಟ್ಟರೆ ಅವರನ್ನು ಮಂಚದ ಮೇಲೇ ಮುಳುಗಿಸಿದ ಹಾಗೆ."

ಬಾಗಿ ಕುಳಿತುಕೊಂಡಳು. ಆಮೇಲಿನ ಪಾಠ ಅವಳಿಗೆ ಕೇಳಿಸಲಿಲ್ಲ.

ಚೆನ್ನಯನಿಗೆ ಹೇಳಲಿಲ್ಲ. ಅಪ್ಪನಿಗೆ ಸಿಕ್ಕ ಒಳ್ಳೆಯ ಸಾವನ್ನು ಮಗನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ? ದೇವರ ಪಟದ ಮುಂದೆ ಬತ್ತಿ ಹೊಸೆಯುತ್ತ, "ಗೊತ್ತಿಲ್ಲದೆ ಮಾಡಿದ್ದು ಸ್ವಾಮಿ," ಎಂದಳು. ದೇವರು ಕೇಳಿಸಿಕೊಂಡಿರಬೇಕು. ತಿರುಗಿ ಮಾತಾಡುವ ಅಭ್ಯಾಸ ಅವನಿಗಿಲ್ಲ.

ಕ್ಲಾಸು ಮುಗಿದ ಮೇಲೆ ಬಾಗಿಗೂ ತೃಪ್ತಿಗೂ ಡೊಂಬಿವ್ಲಿಯಲ್ಲಿ, ಹಾಸಿಗೆ ಹಿಡಿದ ವೃದ್ಧರ ಒಂದು ಶುಶ್ರೂಷಾ ಧಾಮದಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಅಲ್ಲಿಗೆ ಸತ್ಯಭಾಮಮ್ಮ ಬಂದರು. ಉಡುಪಿಯವರು, ನೌಪಾಡಾದಲ್ಲಿ ಹೋಟೆಲು ನಡೆಸುವ ಹಯಗ್ರೀವ ರಾಯರ ತಾಯಿ. ಲಕ್ವಾ ಅವರ ಬಲಗಡೆಯನ್ನು ತೆಗೆದುಕೊಂಡು, ನಾಲಿಗೆಯನ್ನು ತುಸು ತೊದಲಿಸಿ, ಬುದ್ಧಿಯನ್ನು ಮಾತ್ರ ಹಾಗೇ ಬಿಟ್ಟಿತ್ತು. ರಾಯರು ತಾಯಿಯ ಸೀರೆಗಳ ಜೊತೆ ಅಂಗೈಯಗಲದ ಒಂದು ತಾಮ್ರದ ಗಿಂಡಿಯನ್ನೂ ತಂದು ಕಪಾಟಿನಲ್ಲಿಟ್ಟರು. ಬಾಯಿಗೆ ಬೆಸುಗೆ ಹಾಕಿದ್ದು, ಒಳಗೆ ಕಾಶಿಯ ಗಂಗೆ.

"ನಮ್ಮ ಅಜ್ಜ ತಂದದ್ದು, ಸಿಸ್ಟರ್. ಕೊನೆಗೇ ಒಡೆಯುವುದು," ಎಂದರು. "ಅಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೇ ಕುಸಿದು ಹೋಗಿಬಿಟ್ಟರು. ಒಂದು ತೊಟ್ಟು ಗಂಗೆ ಬಿಡುವುದಕ್ಕೂ ಪುರುಸೊತ್ತಾಗಲಿಲ್ಲ. ಅಮ್ಮನಿಗೆ ಅದೇ ಕೊರಗು."

ಏಕಾದಶಿಯ ಮರುದಿನ ಬಂತೆಂದರೆ ಸಾಕು, ಬೆಳಗ್ಗೆಯೇ ಸತ್ಯಭಾಮಮ್ಮನ ಹಟ ಶುರುವಾಗುತ್ತಿತ್ತು. "ಒಂದು ಚಮಚ ತೀರ್ಥ ಕೊಡೇ ಹೆಣ್ಣೇ."

"ದಪ್ಪ ಮಾಡಿ ಕೊಡ್ತೇನೆ ಅಮ್ಮ."

"ತೀರ್ಥಕ್ಕೆ ಯಾರಾದರೂ ಹಿಟ್ಟು ಕಲಸ್ತಾರಾ? ನಾಳೆ ಗಂಗೆಗೆ ಒಗ್ಗರಣೆ ಹಾಕ್ತಿ ನೀನು!"

ಬಾಗಿ ನಗುತ್ತಲೇ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಆದರೆ ಒಂದು ದಿನ ಮುದುಕಿ ನಗಲಿಲ್ಲ. "ಜನ ಕಾಗೆಗೂ ನೀರಿಡ್ತಾರೆ. ನಾನು ಕಾಗೆಗಿಂತ ಕಡೆಯಾ?" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಆಗ ಬಾಗಿ ಮಂಚದ ಅಂಚಿನಲ್ಲಿ ಕುಳಿತು, ಯಾರಿಗೂ ಹೇಳದ್ದನ್ನು ಹೇಳಿದಳು. ಬೂಬ, ಚಾಳಿನವರ ಸಾಲು, ಮೊದಲ ಚಮಚ, ಕೆಮ್ಮು, ಮತ್ತೊಂದು ಚಮಚ. ಸತ್ಯಭಾಮಮ್ಮ ಗೋಡೆ ನೋಡುತ್ತಲೇ ಕೇಳಿಸಿಕೊಂಡರು.

"ಹಾಗಾದರೆ ನಿನಗೆ ಹೆದರಿಕೆ."

"ಹೌದಮ್ಮ."

"ನನಗೂ ಹೆದರಿಕೆಯೇ. ಒಣ ಬಾಯಲ್ಲಿ ಹೋಗುವುದಕ್ಕೆ." ಸರಿಯಿದ್ದ ಎಡಗೈಯನ್ನು ಚಾಚಿ ಬಾಗಿಯ ಸೆರಗು ಹಿಡಿದರು. "ಹೊರಡುವ ಹೊತ್ತು ನಿನಗೆ ತಿಳೀತದಲ್ಲ, ಕಲಿತವಳು. ಆಗ ಕೊಡು ಮಗಾ. ಆಗ ಯಾವ ದಾರಿಯಲ್ಲಿ ಇಳಿದರೇನು?"

"ಕೊಡ್ತೇನೆ," ಎಂದಳು ಬಾಗಿ. ಹೇಳಿದ ಮೇಲೆ ಆ ಮಾತಿನ ಭಾರ ತಿಳಿಯಿತು. ಬೇಗ ಕೊಟ್ಟರೆ ಬೂಬನ ಪಾಪ, ತಡವಾದರೆ ಮಾತು ತಪ್ಪಿದ ಪಾಪ. ಎರಡರ ನಡುವಿನ ಕೂದಲೆಳೆಯ ಹೊತ್ತನ್ನು ಅವಳು ಹಿಡಿಯಬೇಕು. ಅಂದಿನಿಂದ ತೀರ್ಥದ ಹಟ ನಿಂತಿತು. ಅವರು ದಪ್ಪನೆಯ ನೀರನ್ನೇ ಮಕ್ಕಳ ಹಾಗೆ ಮುಖ ಹಿಂಡಿಕೊಂಡು ಕುಡಿದರು.

ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿತು. ಡಾಕ್ಟರು ಆಸ್ಪತ್ರೆಗೆ ಒಯ್ದು ಪ್ರಯೋಜನವಿಲ್ಲ ಎಂದರು. ಒಂದು ಬೆಳಿಗ್ಗೆ ಬಾಗಿ ಮೈ ಒರೆಸುವಾಗ ಪಾದ ತಣ್ಣಗಿತ್ತು. ಮಂಡಿಯ ಸುತ್ತ ನೀಲಿ ಬರೆ ಎದ್ದಿತ್ತು. ಹೊರಡುವ ಹೊತ್ತು ಹತ್ತಿರವಾಯಿತೆಂದು ರಾಯರಿಗೆ ಫೋನು ಮಾಡಿದಳು. ತಟ್ಟೆಯಲ್ಲಿ ಶುಭ್ರ ಬಟ್ಟೆ, ಚಮಚ, ತುಳಸಿ ಎಲೆ ಜೋಡಿಸಿ, ಗಿಂಡಿಯನ್ನು ತಂದು ಪಕ್ಕದಲ್ಲಿಟ್ಟಳು.

"ವೋ ಲೋಟಾ ಅಭೀ ಖೋಲ್ ಕೇ ರಖ್ ನಾ," ಎಂದು ತೃಪ್ತಿ ಗಿಂಡಿಯನ್ನು ಈಗಲೇ ತೆರೆದಿಡಲು ಹೇಳಿದಳು.

"ಉಸಿರು ಇನ್ನೂ ಸರಿಯಾಗಿ ಆಡ್ತಾ ಇರುವಾಗ ಒಡೆಯಬಾರದು. ಯಮನಿಗೆ ಎಲೆ ಹಾಕಿ ಕರೆದ ಹಾಗಾಗ್ತದೆ," ಎಂದಳು ಬಾಗಿ. ಕಲಿತದ್ದನ್ನೆಲ್ಲ ಕಲಿತಿದ್ದಳು, ಅಜ್ಜಿಯ ಮಾತನ್ನು ಮರೆತಿರಲಿಲ್ಲ.

ಮಧ್ಯಾಹ್ನ ರಾಯರ ಫೋನು ಬಂತು. ಲೋಕಲ್ ರೈಲು ದಿವಾ ಸ್ಟೇಷನ್ನಿನ ಹತ್ತಿರ ನಿಂತುಬಿಟ್ಟಿದೆಯಂತೆ. ಬಾಗಿ ಫೋನು ಇಟ್ಟು ತಿರುಗುವಷ್ಟರಲ್ಲಿ ಮುದುಕಿಯ ಉಸಿರು ನಿಂತು, ಮತ್ತೆ ಬಂದು, ಮತ್ತೆ ನಿಂತಿತು. ಕಣ್ಣು ತೆರೆದೇ ಇತ್ತು. ಅದು ಗಿಂಡಿಯನ್ನೇ ನೋಡುತ್ತಿತ್ತು.

ಇದೇ ಹೊತ್ತು. ಬಾಗಿ ಗಿಂಡಿ ಎತ್ತಿಕೊಂಡಳು. ಬೆಸುಗೆಯ ಸಂದಿಗೆ ಕತ್ತರಿ ತುರುಕಿದಳು, ತುದಿ ಬಾಗಿತು. ಆಕ್ಸಿಜನ್ ಸಿಲಿಂಡರು ತಿರುಗಿಸುವ ಕಬ್ಬಿಣದ ಪಾನಾ ತಂದು ಕುಟ್ಟಿದಳು. ತಾಮ್ರ ತಗ್ಗಾಯಿತೇ ಹೊರತು ಬೆಸುಗೆ ಬಿಡಲಿಲ್ಲ. ಅಜ್ಜನ ಕಾಲದ ಕೆಲಸ, ಮೊಮ್ಮಕ್ಕಳ ತನಕ ಬಾಳಲೆಂದು ಮಾಡಿದ್ದು.

"ಬಾಗಿ, ಪಾನೀ ಹೀ ದೇ ದೇ ನಾ! ಯೇ ರಖಾ ಹೈ!" ತೃಪ್ತಿ ಸಾದಾ ನೀರಿನ ಕೂಜೆಯನ್ನು ತೋರಿಸಿದಳು. ಅದು ಕೈಗೆಟುಕುವಷ್ಟರಲ್ಲೇ ಇತ್ತು.

"ಇದೇ ಕೊಡಬೇಕು. ಈಗ ಬಿಡ್ತದೆ, ಈಗ ಬಿಡ್ತದೆ," ಎನ್ನುತ್ತ ಬಾಗಿ ಮತ್ತೆ ಕುಟ್ಟಿದಳು.

ಬಿಟ್ಟಿತು. ಚಮಚಕ್ಕೆ ಬಗ್ಗಿಸಿ, ತುಳಸಿ ಮುಟ್ಟಿಸಿ, ತುಟಿಗೆ ಹಿಡಿದಳು. ನೀರು ಒಳಗೆ ಹೋಗಿ, ನಾಲಿಗೆಯ ಮೇಲೆ ನಿಂತು, ಬಾಯಿಯ ಮೂಲೆಯಿಂದ ಮೆಲ್ಲಗೆ ಹೊರಗೆ ಹರಿಯಿತು. ಇಷ್ಟು ಕಾಲ ಯಾವ ಕೆಮ್ಮಿಗೆ ಹೆದರಿದ್ದಳೋ ಅದೇ ಕೆಮ್ಮಿಗಾಗಿ ಬಾಗಿ ಕಿವಿಗೊಟ್ಟು ಕಾದಳು. ಅದು ಬರಲಿಲ್ಲ. ತೃಪ್ತಿ ಬಗ್ಗಿ ಕಣ್ಣು ಮುಚ್ಚಿಸಿದಳು.

ರಾಯರು ಬೆವರುತ್ತ ಬಂದರು. ತಾಯಿಯ ಮುಖ ನೋಡಿದರು, ತಟ್ಟೆ ನೋಡಿದರು. "ಕೊಟ್ಟಿರಾ ಸಿಸ್ಟರ್?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಚೆನ್ನಯನಿಗೆ ಕೊಟ್ಟಂಥ ಒಂದು ಒಳ್ಳೆಯ ಸಾವನ್ನು ಇವರಿಗೂ ಕೊಡಬಹುದಿತ್ತು.

"ಕೊಟ್ಟೆ ರಾಯರೇ," ಎಂದಳು. ಆಮೇಲೆ ತಲೆ ತಗ್ಗಿಸಿದಳು. "ತಡವಾಯ್ತು. ಬೆಸುಗೆ ಬಿಡಲಿಲ್ಲ. ಮೊದಲೇ ಒಡೆದಿಡಬೇಕಿತ್ತು. ನಾನು ಒಡೆಯಲಿಲ್ಲ."

ರಾಯರು ತಗ್ಗಾದ ಗಿಂಡಿಯ ಮೇಲೆ ಬೆರಳಾಡಿಸಿದರು. "ನಾನಾದರೂ ಒಡೀತಿರಲಿಲ್ಲ," ಎಂದರು. "ಇನ್ನು ನಮಗೆ ಸೂತಕ. ಉಳಿದದ್ದನ್ನು ನೀವು ಒಯ್ಯಿರಿ. ಚೆಲ್ಲಬೇಡಿ."

ಬಾಗಿ ಗಿಂಡಿಯನ್ನು ಸೆರಗಿನಲ್ಲಿ ಸುತ್ತಿ ಕಳವಾಕ್ಕೆ ತಂದಳು. ಸ್ನಾನ ಮಾಡಿ, ದೀಪ ಹಚ್ಚಿ, ಅಂಗೈಗೆ ಸುರಿದುಕೊಂಡು ಕುಡಿದಳು. ನೀರು ನೆತ್ತಿಗೆ ಹತ್ತಿತು. ಕಣ್ಣಲ್ಲಿ ಮೂಗಲ್ಲಿ ನೀರಿಳಿಯುವಂತೆ ಕೆಮ್ಮಿದಳು.

ಚೆನ್ನಯ ಓಡಿಬಂದು ನೆತ್ತಿ ತಟ್ಟಿದ. "ಯಾರೋ ನೆನೆಸಿಕೊಳ್ತಾ ಇದ್ದಾರೆ ಮಾರಾಯ್ತಿ. ಯಾರಿರಬಹುದು?"

"ಇಬ್ಬರು," ಎಂದಳು ಬಾಗಿ, ಉಸಿರು ಸಿಕ್ಕಿದಾಗ.

ಅವನಿಗೆ ಅರ್ಥವಾಗಲಿಲ್ಲ. ಲೋಟದಲ್ಲಿ ನೀರು ತಂದು ಅವಳ ತುಟಿಗೆ ಹಿಡಿದ. "ಇನ್ನೊಂದು ಗುಟುಕು ಕುಡಿ, ಸರಿಯಾಗ್ತದೆ."

ಬಾಗಿ ಅವನ ಮಣಿಕಟ್ಟು ಹಿಡಿದು ತಡೆದಳು.

"ಬೇಡ. ಕೆಮ್ಮು ನಿಲ್ಲಲಿ," ಎಂದಳು. "ಕೂತುಕೊಳ್ಳಿ. ನಿಮ್ಮ ಅಪ್ಪನ ವಿಷಯ ಒಂದು ಹೇಳ್ಬೇಕು."